ಫಿಲಿಪ್ ಗ್ಲಾಸ್ ಪಡೆದದ್ದು, ಬಿಟ್ಟದ್ದು

ಹೊರನಾಡಿನ ಕಲಾವಿದರು ಯಾರಾದರೂ ಭಾರತದಿಂದ ಏನೋ ಪಡೆದಿದ್ದಾರೆಂದು ತಿಳಿದರೆ ಸಾಕು, ನಮ್ಮ ಎದೆ ಒಂದಿಷ್ಟು ಉಬ್ಬುತ್ತದೆ. ಜಾರ್ಜ್ ಹ್ಯಾರಿಸನ್ ಸಿತಾರ್ ಹಿಡಿದದ್ದು, ಯೆಹೂದಿ ಮೆನುಹಿನ್ ಯೋಗಾಸನ ಕಲಿತದ್ದು ಎಲ್ಲ ಒಂದೇ ಪಟ್ಟಿಯಲ್ಲಿ ಬರುತ್ತವೆ. ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಅವರನ್ನೂ ಇದೇ ಪಟ್ಟಿಗೆ ಸೇರಿಸಿ ಸುಮ್ಮನಾಗುವುದು ರೂಢಿ. ರವಿಶಂಕರ್ ಅವರ ಜೊತೆ ಕೆಲಸ ಮಾಡಿದವರು, ಗಾಂಧೀಜಿಯ ಮೇಲೆ ಸಂಸ್ಕೃತದಲ್ಲಿ ಆಪೆರಾ ರಚಿಸಿದವರು ಎಂದರೆ ಪರಿಚಯ ಮುಗಿಯಿತು. ಅಲ್ಲಿಂದ ಮುಂದಕ್ಕೆ ಅವರ ಸಂಗೀತವನ್ನು ಕೇಳಬೇಕೆಂದು ಯಾರಿಗೂ ಅನಿಸುವುದಿಲ್ಲ.

ಈ ಪರಿಚಯದಲ್ಲಿ ಸುಳ್ಳೇನೂ ಇಲ್ಲ. ನನ್ನ ತಕರಾರು ಅದರ ಹಿಂದಿರುವ ಲೆಕ್ಕದ ಬಗ್ಗೆ. ಪ್ರೇರಣೆಯೆಂದರೆ ಒಬ್ಬರ ಕಣಜದಿಂದ ಇನ್ನೊಬ್ಬರ ಕಣಜಕ್ಕೆ ಕಾಳು ಸುರಿದಂತೆ ಎಂದು ಅದು ತಿಳಿದುಕೊಂಡಿದೆ. ಗ್ಲಾಸ್ ಅವರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ವಿಷಯ ಬೇರೆಯೇ ಇದೆ. ಅವರು ನಮ್ಮ ಸಂಗೀತದಿಂದ ಎತ್ತಿಕೊಂಡದ್ದು ಬಹಳ ಕಡಿಮೆ, ಬಿಟ್ಟುಬಿಟ್ಟದ್ದು ಬಹಳ ಹೆಚ್ಚು. ಆ ಸ್ವಲ್ಪವನ್ನಾದರೂ ಪೂರ್ತಿ ಅರ್ಥಮಾಡಿಕೊಂಡು ಎತ್ತಿಕೊಂಡರು ಎನ್ನಲಾಗದು. ಅಷ್ಟಾದರೂ, ಬಹುಶಃ ಅದರಿಂದಲೇ, ಅವರ ಸಂಗೀತ ಹುಟ್ಟಿತು.

1965–66ರ ಸುಮಾರಿನ ಪ್ಯಾರಿಸ್. ಕಾನ್ರಾಡ್ ರೂಕ್ಸ್ ಎಂಬ ನಿರ್ದೇಶಕ ‘ಚಾಪಕ್ವಾ’ ಎಂಬ ಚಿತ್ರ ಮಾಡುತ್ತಿದ್ದ. ಅದಕ್ಕೆ ರವಿಶಂಕರ್ ಸಂಗೀತ. ನುಡಿಸಬೇಕಾದವರು ಫ್ರೆಂಚ್ ಸ್ಟುಡಿಯೋ ವಾದಕರು, ಅವರಿಗೆ ಬರೆದು ಕೊಡದೆ ನುಡಿಸಲು ಬಾರದು. ರವಿಶಂಕರ್ ಸ್ಥಳದಲ್ಲೇ ಹಾಡಿ ತೋರಿಸಿದ್ದನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸುವ ಕೆಲಸ ಮೂವತ್ತರ ಅಂಚಿನಲ್ಲಿದ್ದ ಗ್ಲಾಸ್ ಪಾಲಿಗೆ ಬಂತು. ಅವರು ಆಗ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಪ್ಯಾರಿಸಿಗೆ ಬಂದಿದ್ದ ವಿದ್ಯಾರ್ಥಿ. ಬರೆದುಕೊಟ್ಟದ್ದನ್ನು ವಾದಕರು ನುಡಿಸಿದರೆ ತಬಲಾ ಮುಂದೆ ಕುಳಿತ ಅಲ್ಲಾ ರಖಾ ತಲೆಯಾಡಿಸಿಬಿಡುತ್ತಿದ್ದರು: ಒತ್ತು ತಪ್ಪು. ಗೆರೆಗಳನ್ನು ಬೇರೆ ಕಡೆ ಹಾಕಿದರೂ ತಪ್ಪು. ಪಾಶ್ಚಾತ್ಯ ಲಿಪಿಯಲ್ಲಿ ಅಳತೆಯ ಗೆರೆ ಎಳೆದೊಡನೆ ಅದರ ಪಕ್ಕದ ಸ್ವರಕ್ಕೆ ಒತ್ತು ತಾನಾಗಿ ಬಿದ್ದುಬಿಡುತ್ತದೆ. ಸ್ವರಗಳೆಲ್ಲ ಸಮ ಎಂಬ ಅರ್ಥದ ಮಾತನ್ನು ಅಲ್ಲಾ ರಖಾ ಮತ್ತೆ ಮತ್ತೆ ಹೇಳುತ್ತಿದ್ದರಂತೆ. ಕೊನೆಗೆ ಗ್ಲಾಸ್ ಗೆರೆಗಳನ್ನೇ ಅಳಿಸಿಹಾಕಿದರು. ಆಗ ಹಾಳೆಯ ಮೇಲೆ ಎರಡು, ಮೂರರ ಗುಂಪುಗಳ ಉದ್ದನೆಯ ಸಾಲೊಂದು ಕಾಣಿಸಿತು.

ಇದನ್ನು ಅವರು ಜೀವಮಾನವಿಡೀ ಹೇಳಿಕೊಂಡು ಬಂದಿದ್ದಾರೆ. ಪಶ್ಚಿಮದ ಸಂಗೀತ ಕಾಲವನ್ನು ಕತ್ತರಿಸುತ್ತದೆ, ಭಾರತದ ಸಂಗೀತ ಚಿಕ್ಕ ಚಿಕ್ಕ ಘಟಕಗಳನ್ನು ಕೂಡಿಸುತ್ತ ಹೋಗುತ್ತದೆ ಎಂಬುದು ಅವರು ಅಂದು ಕಂಡುಕೊಂಡ ಸತ್ಯ.

ನಮ್ಮ ಊರಿನ ಯಾವ ಮೃದಂಗ ವಿದ್ವಾಂಸರನ್ನು ಬೇಕಾದರೂ ಕೇಳಿ, ಇದು ಅರ್ಧ ಸತ್ಯ ಎನ್ನುತ್ತಾರೆ. ಕೂಡಿಸುವುದು ಇದೆ, ಹೌದು. ಮೂರು, ನಾಲ್ಕು, ಐದು, ಏಳು, ಒಂಬತ್ತರ ಜಾತಿಗಳನ್ನು ಕೂಡಿಸಿ ಕೋರ್ವೆ ಕಟ್ಟುತ್ತಾರೆ. ಆದರೆ ಆ ಕೂಡಿಕೆಯ ಮಜಾ ಇರುವುದು ಕೆಳಗೆ ಕದಲದೆ ಸುತ್ತುತ್ತಿರುವ ಆವರ್ತನದಿಂದ. ಆದಿತಾಳದ ಎಂಟು ಅಕ್ಷರ ತನ್ನ ಪಾಡಿಗೆ ತಿರುಗುತ್ತಿರಬೇಕು, ಲೆಕ್ಕ ಅದಕ್ಕೆ ಅಡ್ಡಲಾಗಿ ಓಡಬೇಕು, ಇನ್ನೇನು ತಪ್ಪಿತು ಎನ್ನುವಾಗ ಮುಕ್ತಾಯ ಬಂದು ಸಮಕ್ಕೋ ಎಡುಪಿಗೋ ಕೂಡಬೇಕು. ಸಭೆ ತೊಡೆ ತಟ್ಟುವುದು ಆ ಕೂಡುವಿಕೆಗೆ. ಹಿಂದೂಸ್ತಾನಿಯ ತಿಹಾಯಿಯದೂ ಇದೇ ಕತೆ. ಅಂದರೆ ನಮ್ಮ ತಾಳದಲ್ಲಿ ಕತ್ತರಿಸುವಿಕೆಯೂ ಇದೆ, ಕೂಡಿಸುವಿಕೆಯೂ ಇದೆ, ಎರಡರ ಜಗಳವೇ ಅದರ ಜೀವ. ಗ್ಲಾಸ್ ಕೂಡಿಸುವುದನ್ನಷ್ಟೇ ಕೇಳಿಸಿಕೊಂಡರು. ಆವರ್ತನವನ್ನು ಬಿಟ್ಟರು, ಸಮವನ್ನು ಬಿಟ್ಟರು. ರಾಗವನ್ನಂತೂ ಮುಟ್ಟಲೇ ಇಲ್ಲ. ಗಮಕದ ಸುಳಿವೂ ಅವರ ಸಂಗೀತದಲ್ಲಿಲ್ಲ.

ಇನ್ನು ಆ ಅರ್ಧದಿಂದ ಏನು ಮಾಡಿದರು ನೋಡಿ. 1968ರ ‘ಟೂ ಪೇಜಸ್’ ಎಂಬ ಕೃತಿಯಲ್ಲಿ ಇರುವುದು ಐದೇ ಸ್ವರ, ಒಂದೇ ಸಾಲು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮಂದ್ರದ ಪಂಚಮದಿಂದ ಷಡ್ಜಕ್ಕೆ ಬಂದು, ರಿಷಭ, ಸಾಧಾರಣ ಗಾಂಧಾರ, ಮಧ್ಯಮದವರೆಗೆ ಹತ್ತುವ ಪುಟ್ಟ ಏಣಿ. ಅದನ್ನು ಹಲವು ಸಲ ನುಡಿಸಿದ ಮೇಲೆ ಅದರ ಬೆನ್ನಿಗೆ ಕೊನೆಯ ಸ್ವರ ಬಿಟ್ಟ ನಾಲ್ಕರ ಗುಂಪೊಂದು ಸೇರುತ್ತದೆ. ಆಮೇಲೆ ಮೂರರದು, ಆಮೇಲೆ ಎರಡರದು. ಐದು, ನಾಲ್ಕು, ಮೂರು, ಎರಡು. ನಮ್ಮಲ್ಲಿ ಇದಕ್ಕೆ ಗೋಪುಚ್ಛ ಯತಿ ಎನ್ನುತ್ತೇವೆ. ಮುತ್ತುಸ್ವಾಮಿ ದೀಕ್ಷಿತರು ಆನಂದಭೈರವಿಯ ‘ತ್ಯಾಗರಾಜ ಯೋಗ ವೈಭವಂ’ ಕೃತಿಯ ಸಾಹಿತ್ಯದಲ್ಲೇ ಈ ಯತಿಯನ್ನು ತಂದದ್ದು ಕರ್ನಾಟಕ ಸಂಗೀತ ಕೇಳುವವರಿಗೆಲ್ಲ ಗೊತ್ತು. ಗ್ಲಾಸ್ ಅದನ್ನು ದೀಕ್ಷಿತರಿಂದ ಕಲಿತರೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಮತ್ತೆ ಆ ಪಟ್ಟಿಗೇ ಮರಳಿದಂತಾಗುತ್ತದೆ. ದೀಕ್ಷಿತರಲ್ಲಿ ಯತಿ ಒಂದು ಅಲಂಕಾರ. ಕೃತಿಯ ದೇಹ ರಾಗದ್ದು, ಭಕ್ತಿಯದು. ಗ್ಲಾಸ್ ಅವರಲ್ಲಿ ಅಲಂಕಾರವೇ ದೇಹವಾಗಿಬಿಟ್ಟಿದೆ, ಬೇರೇನೂ ಇಲ್ಲ. ಕೇಳುಗ ಹಿಡಿದುಕೊಳ್ಳಲು ಸಮವೂ ಇಲ್ಲದ್ದರಿಂದ ಕಾಲ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಜಾರಿಹೋಗುತ್ತದೆ. ಹೀಗೆ ಜಾರಿಸಬೇಕೆಂಬುದೇ ಅವರ ಬಯಕೆ. ಅದು ಭಾರತೀಯ ಬಯಕೆಯಲ್ಲ.

ಹಾಗಾದರೆ ಆ ಬಯಕೆ ಎಲ್ಲಿಂದ ಬಂತು? ಅದಕ್ಕೆ ಅವರು ಪ್ಯಾರಿಸಿನಲ್ಲಿ ಎಲ್ಲಿ ಸಿಕ್ಕಿಬಿದ್ದಿದ್ದರು ಎಂಬುದನ್ನು ನೋಡಬೇಕು. ಗ್ಲಾಸ್ ಹುಟ್ಟಿದ್ದು 1937ರ ಜನವರಿ 31ರಂದು, ಬಾಲ್ಟಿಮೋರಿನಲ್ಲಿ. ಹದಿನೈದನೆಯ ವಯಸ್ಸಿಗೆ ಷಿಕಾಗೊ ವಿಶ್ವವಿದ್ಯಾಲಯ ಸೇರಿ ಗಣಿತ, ತತ್ತ್ವಶಾಸ್ತ್ರ ಓದಿದರು, ಆಮೇಲೆ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆ. ಆ ಕಾಲದ ಗಂಭೀರ ಸಂಗೀತವೆಂದರೆ ಹನ್ನೆರಡು ಸ್ವರಗಳಿಗೂ ಸಮಪಾಲು ಕೊಟ್ಟು, ಆಧಾರ ಷಡ್ಜವೆಂಬುದನ್ನೇ ಕಿತ್ತುಹಾಕಿದ ಸರಣಿ ಪದ್ಧತಿ. ಪ್ಯಾರಿಸಿನಲ್ಲಿ ಸಂಯೋಜಕ ಪಿಯರ್ ಬುಲೆಜ್ ಮತ್ತು ಅವರ ‘ದೊಮೇನ್ ಮ್ಯೂಸಿಕಾಲ್’ ಕಛೇರಿಗಳದ್ದೇ ಅಧಿಕಾರ. ಅದನ್ನು ಒಪ್ಪದ ಎಳೆಯ ಸಂಯೋಜಕನಿಗೆ ಹಿಂದಕ್ಕೆ ಹೋಗುವ ದಾರಿ ಇತ್ತು, ಮುಂದಕ್ಕೆ ಇರಲಿಲ್ಲ.

ಇನ್ನೊಂದು ಕಡೆ ನಾದಿಯಾ ಬುಲಾಂಜೆ. 1964ರಿಂದ 66ರವರೆಗೆ ಗ್ಲಾಸ್ ಕಲಿತದ್ದು ಈ ಮಹಾತಾಯಿಯ ಬಳಿ. ಜೂಲಿಯಾರ್ಡಿನ ಪದವಿ ಪಡೆದು ಬಂದವನನ್ನು ಆಕೆ ಮೊದಲ ಪಾಠದಿಂದ ಮತ್ತೆ ಶುರುಮಾಡಿಸಿದರು. ದಿನಗಟ್ಟಲೆ ಕೌಂಟರ್‌ಪಾಯಿಂಟಿನ ಲೆಕ್ಕ, ಸ್ವರಮೇಳದ ನಿಯಮ, ಬಾಖ್ ಕೃತಿಗಳ ಕಂಠಪಾಠ. ತಮ್ಮ ಇಬ್ಬರು ಗುರುಗಳಲ್ಲಿ ಒಬ್ಬರು ಭಯದಿಂದ ಕಲಿಸಿದರು, ಇನ್ನೊಬ್ಬರು ಪ್ರೀತಿಯಿಂದ ಎಂಬರ್ಥದಲ್ಲಿ ಗ್ಲಾಸ್ ಹೇಳಿದ್ದುಂಟು. ಭಯದ ಗುರು ಯಾರೆಂದು ಹೇಳಬೇಕಿಲ್ಲ. ಸಮಾನಾಂತರ ಪಂಚಮಗಳನ್ನು ಬರೆಯಬಾರದು ಎಂಬುದು ಆ ಶಿಕ್ಷಣದ ಪಂಚಶೀಲಗಳಲ್ಲಿ ಒಂದು. 1969ರಲ್ಲಿ ಗ್ಲಾಸ್ ‘ಮ್ಯೂಸಿಕ್ ಇನ್ ಫಿಫ್ತ್ಸ್’ ಎಂಬ ಕೃತಿ ಬರೆದರು. ಆರಂಭದಿಂದ ಕೊನೆವರೆಗೂ ಅದರಲ್ಲಿರುವುದು ಸಮಾನಾಂತರ ಪಂಚಮಗಳೇ. ಗುರುಕಾಣಿಕೆ ಎಂದರೆ ಇದು.

ಮೂರನೆಯದು ರಂಗಭೂಮಿ. ಅದೇ ದಿನಗಳಲ್ಲಿ ಗ್ಲಾಸ್ ತಮ್ಮ ಗೆಳೆಯರ ನಾಟಕ ತಂಡಕ್ಕಾಗಿ ಸ್ಯಾಮುಯೆಲ್ ಬೆಕೆಟ್‌ನ ‘ಪ್ಲೇ’ಗೆ ಸಂಗೀತ ಮಾಡಿದರು. ಎರಡು ಸೊಪ್ರಾನೊ ಸ್ಯಾಕ್ಸೊಫೋನ್, ಒಂದೊಂದಕ್ಕೆ ಎರಡೆರಡೇ ಸ್ವರ. ಆ ನಾಟಕದಲ್ಲಿ ಮೂವರು ಬೂದಿಗಡಿಗೆಗಳಲ್ಲಿ ಕುತ್ತಿಗೆಯವರೆಗೂ ಹೂತುಹೋಗಿ ಒಂದೇ ಕತೆಯನ್ನು ತಿರುತಿರುಗಿ ಹೇಳುತ್ತಾರೆ. ಕತೆ ಮುಂದಕ್ಕೆ ಹೋಗುವುದಿಲ್ಲ, ಭಾವ ಏರಿ ಇಳಿಯುವುದಿಲ್ಲ. ಇಂಥದಕ್ಕೆ ಯಾವ ಸಂಗೀತ? ಬೀಥೋವನ್ನನಂತೆ ಏರಿಸಿ ಏರಿಸಿ ಕೊನೆಗೆ ಬಿಡುಗಡೆ ಕೊಡುವ ಸಂಗೀತ ಇಲ್ಲಿ ಸಲ್ಲುವುದಿಲ್ಲ. ಕತೆ ಹೇಳದೆ, ಗುರಿಯತ್ತ ನಡೆಯದೆ, ಆದರೂ ಬೇಸರವಾಗದಂತೆ ಕಾಲವನ್ನು ತುಂಬುವುದು ಹೇಗೆ ಎಂಬ ಪ್ರಶ್ನೆ ಗ್ಲಾಸ್ ಕೈಯಲ್ಲಿ ಆಗಲೇ ಇತ್ತು. ಸ್ಟುಡಿಯೋದಲ್ಲಿ ಅಲ್ಲಾ ರಖಾ ತಲೆಯಾಡಿಸಿದಾಗ ಆ ಪ್ರಶ್ನೆಗೆ ಬೇಕಾದ ಒಂದು ತುಂಡು ಸಿಕ್ಕಿತು. ಆ ಪ್ರಶ್ನೆ ಇಲ್ಲದ ಬೇರೊಬ್ಬ ಲಿಪಿಕಾರ ಅಂದು ಅಲ್ಲಿ ಕುಳಿತಿದ್ದರೆ ಗೆರೆ ಸರಿಪಡಿಸಿ ಸಂಬಳ ಎಣಿಸಿಕೊಂಡು ಮನೆಗೆ ಹೋಗುತ್ತಿದ್ದ. ಸಂಯೋಜಕನಿಗೆ ಪ್ರೇರಣೆ ಎಲ್ಲಿಂದ ಬಂತು ಎಂದು ಕೇಳುವುದಕ್ಕಿಂತ, ಬಂದಾಗ ಆತ ಯಾವುದಕ್ಕಾಗಿ ತಡಕಾಡುತ್ತಿದ್ದ ಎಂದು ಕೇಳುವುದು ಲೇಸು.

ಹೀಗೆ ಕೇಳಿದರೆ ದೂರದ ಗುರುಗಳಷ್ಟೇ ಪಕ್ಕದ ಮನೆಯವರೂ ಲೆಕ್ಕಕ್ಕೆ ಬರುತ್ತಾರೆ, ಮತ್ತು ಇಲ್ಲಿ ವಿಷಯ ಸ್ವಲ್ಪ ಮುಜುಗರದ್ದಾಗುತ್ತದೆ. 1967ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಪಾರ್ಕ್ ಪ್ಲೇಸ್ ಗ್ಯಾಲರಿಯಲ್ಲಿ ಸಂಯೋಜಕ ಸ್ಟೀವ್ ರೈಕ್ ಅವರ ಕಛೇರಿ ನಡೆಯಿತು. ಜೂಲಿಯಾರ್ಡಿನ ಹಳೆಯ ಪರಿಚಯ. ಪ್ಯಾರಿಸಿನಿಂದ ಮರಳಿದ್ದ ಗ್ಲಾಸ್ ಕೇಳಲು ಹೋಗಿದ್ದರು. ಒಂದೇ ಸ್ವರಗುಚ್ಛವನ್ನು ಇಬ್ಬರು ನುಡಿಸುತ್ತ, ಒಬ್ಬರು ಕೊಂಚ ಕೊಂಚವೇ ವೇಗ ಹೆಚ್ಚಿಸಿ ಹೊಂದಿಕೆ ಕಳಚುವ ಕ್ರಮವನ್ನು ರೈಕ್ ಅಷ್ಟು ಹೊತ್ತಿಗೆ ಕಂಡುಕೊಂಡಿದ್ದರು. ಮುಂದಿನ ಕೆಲವು ವರ್ಷ ಇಬ್ಬರೂ ಒಬ್ಬರ ಕೃತಿಗಳನ್ನು ಇನ್ನೊಬ್ಬರು ನುಡಿಸಿದರು, ಹೊಟ್ಟೆಪಾಡಿಗೆ ಒಟ್ಟಿಗೆ ಮನೆ ಸಾಮಾನು ಸಾಗಿಸುವ ಕೆಲಸವನ್ನೂ ಮಾಡಿದರು. ಮೇಲೆ ಹೇಳಿದ ‘ಟೂ ಪೇಜಸ್’ ಕೃತಿಯ ಮೊದಲ ಹೆಸರು ‘ಟೂ ಪೇಜಸ್ ಫಾರ್ ಸ್ಟೀವ್ ರೈಕ್’. ಆಮೇಲೆ ಸ್ನೇಹ ಕೆಟ್ಟಿತು, ಶೀರ್ಷಿಕೆಯಿಂದ ರೈಕ್ ಹೆಸರು ಬಿದ್ದುಹೋಯಿತು. ಯಾರಿಂದ ಯಾರು ಎಷ್ಟು ಪಡೆದರೆಂಬ ವಾದ ದಶಕಗಳವರೆಗೆ ನಡೆಯಿತು. ಇಬ್ಬರೂ ಮತ್ತೆ ಒಂದೇ ವೇದಿಕೆಯಲ್ಲಿ ಕೂತು ನುಡಿಸಿದ್ದು 2014ರಲ್ಲಿ, ಬ್ರೂಕ್ಲಿನ್ನಿನಲ್ಲಿ.

ದೂರದವರ ಋಣವನ್ನು ಹೇಳಿಕೊಳ್ಳುವುದು ಸುಲಭ, ಅದರಿಂದ ಗೌರವ ಹೆಚ್ಚುತ್ತದೆ. ಓರಗೆಯವನ ಋಣ ಹೇಳಿದರೆ ಸ್ವಂತಿಕೆಗೇ ಏಟು. ನಮ್ಮಲ್ಲೂ ಗುರುಪರಂಪರೆಯನ್ನು ಮೂರು ತಲೆಮಾರು ಹಿಂದಕ್ಕೆ ಒಪ್ಪಿಸುವ ವಿದ್ವಾಂಸರು ಪಕ್ಕದ ಬೀದಿಯ ಸಮವಯಸ್ಕನಿಂದ ಕಲಿತ ಸಂಗತಿಯೊಂದನ್ನು ಹೇಳುವುದು ಅಪರೂಪ. ಗ್ಲಾಸ್ ತಮ್ಮ ಆತ್ಮಕತೆಯಲ್ಲಿ ರವಿಶಂಕರ್‌ಗೆ ಕೊಟ್ಟ ಜಾಗಕ್ಕೂ ರೈಕ್‌ಗೆ ಕೊಟ್ಟ ಜಾಗಕ್ಕೂ ಇರುವ ಅಂತರವನ್ನು ನಾನು ಹೀಗೆ ಓದುತ್ತೇನೆ. ಭಾರತ ಇಲ್ಲಿ ಪ್ರೇರಣೆಯೂ ಹೌದು, ಒಂದು ಬಗೆಯ ಮರೆಯೂ ಹೌದು. (ರೈಕ್ ಕೂಡ 1970ರಲ್ಲಿ ಘಾನಾಕ್ಕೆ ಹೋಗಿ ಡೋಲು ಕಲಿತು ಬಂದರು, ಬಂದ ಮೇಲೆ ಬರೆದ ‘ಡ್ರಮ್ಮಿಂಗ್’ ಕೃತಿಯಲ್ಲಿ ಆಫ್ರಿಕದ ಒಂದು ವಾದ್ಯವನ್ನೂ ಬಳಸಲಿಲ್ಲ. ಕಟ್ಟಡದ ನಕ್ಷೆ ತರಬಹುದು, ಇಟ್ಟಿಗೆ ತರಬಾರದು ಎಂಬ ವಿವೇಕ ಅವರಲ್ಲಿ ಮೊದಲಿಂದಲೂ ಸ್ಪಷ್ಟವಾಗಿತ್ತು.)

ಹಣದ ಮಾತು ಬಂದರೆ ಪ್ರೇರಣೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮುಖ ತಿರುಗಿಸುತ್ತಾರೆ. ಗ್ಲಾಸ್ ವಿಷಯದಲ್ಲಿ ಹಾಗೆ ಮಾಡಲಾಗದು. ಹರೆಯದಲ್ಲಿ ಬಾಲ್ಟಿಮೋರಿನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದ್ದರು. ನ್ಯೂಯಾರ್ಕಿನಲ್ಲಿ ಕೊಳಾಯಿ ಕೆಲಸ ಮಾಡಿದರು, ಶಿಲ್ಪಿ ರಿಚರ್ಡ್ ಸೆರಾ ಅವರಿಗೆ ಸಹಾಯಕರಾಗಿದ್ದರು, ಟ್ಯಾಕ್ಸಿ ಓಡಿಸಿದರು. ‘ಟೈಮ್’ ಪತ್ರಿಕೆಯ ಕಲಾವಿಮರ್ಶಕ ರಾಬರ್ಟ್ ಹ್ಯೂಸ್ ಮನೆಗೆ ಪಾತ್ರೆ ತೊಳೆಯುವ ಯಂತ್ರ ಜೋಡಿಸಲು ಬಂದ ಕೆಲಸಗಾರನೇ ಫಿಲಿಪ್ ಗ್ಲಾಸ್ ಎಂದು ಗೊತ್ತಾಗಿ ಹ್ಯೂಸ್ ಗಾಬರಿಯಾದ ಪ್ರಸಂಗ ಪ್ರಸಿದ್ಧ. 1976ರ ಜುಲೈಯಲ್ಲಿ ರಂಗನಿರ್ದೇಶಕ ರಾಬರ್ಟ್ ವಿಲ್ಸನ್ ಜೊತೆಗೂಡಿ ಮಾಡಿದ ‘ಐನ್‌ಸ್ಟೈನ್ ಆನ್ ದ ಬೀಚ್’ ಆಪೆರಾ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ನವೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ರಂಗಮಂದಿರವನ್ನು ಬಾಡಿಗೆಗೆ ಹಿಡಿದು ಎರಡು ಪ್ರದರ್ಶನ. ಟಿಕೆಟ್ಟೆಲ್ಲ ಮಾರಾಟವಾಯಿತು, ಸಾಲ ಮಾತ್ರ ಬೆಟ್ಟದಷ್ಟು ಉಳಿಯಿತು. ಗ್ಲಾಸ್ ಟ್ಯಾಕ್ಸಿಗೆ ಮರಳಿದರು. ಪೂರ್ಣಾವಧಿ ಸಂಗೀತಗಾರರಾದದ್ದು ನಲವತ್ತು ದಾಟಿದ ಮೇಲೆ.

ಸುಮಾರು ಐದು ಗಂಟೆಯ ಆ ‘ಐನ್‌ಸ್ಟೈನ್’ ಆಪೆರಾಕ್ಕೆ ಕತೆ ಇಲ್ಲ, ಮಧ್ಯಂತರವಿಲ್ಲ. ಪ್ರೇಕ್ಷಕರು ತಮಗೆ ಬೇಕಾದಾಗ ಎದ್ದು ಹೋಗಿ ಮತ್ತೆ ಬರಬಹುದು. ರಾತ್ರಿಯಿಡೀ ಯಕ್ಷಗಾನ ನೋಡುತ್ತ ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು, ಆದರೆ ಆಪೆರಾ ಪ್ರೇಕ್ಷಕನಿಗೆ ಅದು ಹೊಸತು. ಮೇಳದವರು ಹಾಡುವುದು ಅಂಕೆಗಳನ್ನು ಮತ್ತು ಸ್ವರಾಕ್ಷರಗಳನ್ನು. ಅಭ್ಯಾಸದ ವೇಳೆ ಲೆಕ್ಕ ತಪ್ಪದಿರಲೆಂದು ಹಾಡಿಸಿದ್ದನ್ನೇ ಗ್ಲಾಸ್ ಹಾಗೇ ಉಳಿಸಿಕೊಂಡರು. ಸರಳೆ ವರಸೆ ಹೇಳಿಸುವ ಮೇಷ್ಟ್ರು ಪಾಠವನ್ನೇ ಕಛೇರಿ ಎಂದು ಸಾರಿದ ಹಾಗಾಯಿತು. ಹಾಗೆ ಸಾರುವ ಧೈರ್ಯ ಸಣ್ಣದಲ್ಲ. ಮತ್ತೊಂದು ಜಾಣತನವನ್ನೂ ಹೇಳಬೇಕು. ಆರಂಭದ ವರ್ಷಗಳಲ್ಲಿ ಗ್ಲಾಸ್ ತಮ್ಮ ಕೃತಿಗಳನ್ನು ಹೊರಗಿನವರಿಗೆ ನುಡಿಸಲು ಕೊಡುತ್ತಿರಲಿಲ್ಲ. ಅವರ ಸಂಗೀತ ಬೇಕಾದರೆ ಅವರದೇ ತಂಡವನ್ನು ಕರೆಸಬೇಕು. ಹಕ್ಕುಗಳನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡರು. ವರ್ಧಿತ ಕೀಬೋರ್ಡು, ಸ್ಯಾಕ್ಸೊಫೋನು, ಕೊಳಲುಗಳ ಆ ಸದ್ದು ರಸಾಭಿರುಚಿಯ ಆಯ್ಕೆ ಎಷ್ಟೋ, ಕೈಗೆ ಸಿಕ್ಕ ಗೆಳೆಯರು ನುಡಿಸುತ್ತಿದ್ದ ವಾದ್ಯಗಳ ಫಲವೂ ಅಷ್ಟೇ.

ಬೆನ್ನಿಗೊಬ್ಬ ಪೋಷಕನಿದ್ದರೆ ಇದೇ ಸಂಗೀತ ಬರುತ್ತಿತ್ತೆ ಎಂದು ಕೇಳಿಕೊಂಡರೆ ನನಗೆ ಮೈಸೂರಿನ ಜಯಚಾಮರಾಜ ಒಡೆಯರ್ ನೆನಪಾಗುತ್ತಾರೆ. ಲಂಡನ್ನಿನಲ್ಲಿ ಮುಪ್ಪಿಗೆ ಸರಿದಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಿಕೊಳ್ಳಲು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಅವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಒಡೆಯರಿಗೆ ಅರ್ಪಿಸಿದರು. ಆ ಔದಾರ್ಯ ದೊಡ್ಡದು. ಆದರೆ ಅದು ಆಗಲೇ ಆಗಿಹೋಗಿದ್ದ ಸಂಗೀತವೊಂದನ್ನು ಕಾಪಾಡಿತು. ಟ್ಯಾಕ್ಸಿಯ ಚಾಲಕನಿಗೆ ಅಂಥ ಆಸರೆ ಇಲ್ಲದ್ದರಿಂದ ತನ್ನ ಕೇಳುಗರನ್ನು ಚಿತ್ರಶಾಲೆಗಳಲ್ಲಿ, ಮಾಳಿಗೆ ಮನೆಗಳಲ್ಲಿ ತಾನೇ ಹುಡುಕಿಕೊಳ್ಳಬೇಕಾಯಿತು, ಸಂಗೀತ ಶಾಲೆಗಳ ಮರ್ಜಿ ಕಾಯಬೇಕಾಗಲಿಲ್ಲ. ಬಡತನ ಒಳ್ಳೆಯದು ಎಂಬ ಮಾತಲ್ಲ ಇದು. ಬಡತನದಲ್ಲಿ ಬಿದ್ದ ಎಷ್ಟು ಮಂದಿ ಮರಳಿ ಏಳಲಿಲ್ಲವೋ ಅವರ ಲೆಕ್ಕ ಯಾರೂ ಇಟ್ಟಿಲ್ಲ.

ಇನ್ನು ‘ಸತ್ಯಾಗ್ರಹ’. 1980ರ ಸೆಪ್ಟೆಂಬರ್ 5ರಂದು ರಾಟರ್ಡ್ಯಾಮಿನಲ್ಲಿ ಮೊದಲು ರಂಗಕ್ಕೆ ಬಂದ ಈ ಆಪೆರಾ ಗ್ಲಾಸ್ ಅವರ ಅತ್ಯುತ್ತಮ ಕೃತಿ ಎಂಬುದು ನನ್ನ ಎಣಿಕೆ. ಭಾರತದ ಪ್ರಭಾವದ ವಾದ ಗಟ್ಟಿಯಾಗಿ ನಿಲ್ಲಬೇಕಾದರೆ ಇಲ್ಲಿ ನಿಲ್ಲಬೇಕು. ಗಾಂಧೀಜಿಯ ಕತೆ, ಸಾಹಿತ್ಯವೆಲ್ಲ ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳು. ಮೊದಲ ದೃಶ್ಯವೇ ಕುರುಕ್ಷೇತ್ರ. ಅಲ್ಲಿ ಕೃಷ್ಣಾರ್ಜುನರ ಜೊತೆ ಗಾಂಧಿ ನಿಂತಿರುತ್ತಾರೆ.

ಆದರೆ ಒಂದೊಂದೇ ನೋಡುತ್ತ ಬನ್ನಿ. ಗ್ಲಾಸ್‌ಗೆ ಗಾಂಧಿಯ ಹುಚ್ಚು ಹಿಡಿದದ್ದು ಕಾಲಿಂಪಾಂಗ್‌ನಲ್ಲಿ ದಂಡಿಯಾತ್ರೆಯ ಹಳೆಯ ಸುದ್ದಿಚಿತ್ರ ನೋಡಿದಾಗ. ಆಪೆರಾದಲ್ಲಿ ದಂಡಿಯೇ ಇಲ್ಲ. ಅದರ ತುಂಬ ದಕ್ಷಿಣ ಆಫ್ರಿಕದ ವರ್ಷಗಳು: ಡರ್ಬನ್ನಿನ ಬೀದಿಯಲ್ಲಿ ಗುಂಪು ಮುತ್ತಿದಾಗ ಪೊಲೀಸ್ ಅಧಿಕಾರಿಯ ಹೆಂಡತಿ ಶ್ರೀಮತಿ ಅಲೆಕ್ಸಾಂಡರ್ ಛತ್ರಿ ಅಡ್ಡ ಹಿಡಿದು ಕಾಪಾಡಿದ್ದು, ‘ಇಂಡಿಯನ್ ಒಪಿನಿಯನ್’ ಪತ್ರಿಕೆ, ನೋಂದಣಿ ಚೀಟಿಗಳನ್ನು ಸುಟ್ಟದ್ದು, 1913ರ ನ್ಯೂಕಾಸಲ್ ನಡಿಗೆ. ಅದೂ ಕಾಲಾನುಕ್ರಮದಲ್ಲಿಲ್ಲ. ಮೂರು ಅಂಕಗಳ ಮೇಲಿಂದ ನೋಡುತ್ತಿರುವ ಮೂವರು ಟಾಲ್‌ಸ್ಟಾಯ್, ರವೀಂದ್ರನಾಥ ಟಾಗೋರ್, ಮಾರ್ಟಿನ್ ಲೂಥರ್ ಕಿಂಗ್. ಕಿಂಗ್ ಹತ್ಯೆಯಾಗಿ ಆಗಿನ್ನೂ ಹನ್ನೆರಡು ವರ್ಷ. ಅಮೆರಿಕದ ಅರವತ್ತರ ದಶಕವನ್ನು ಕಂಡವನೊಬ್ಬ ತನ್ನ ಕಾಲದ ಚಳವಳಿಗೆ ಮೂಲಪುರುಷನನ್ನು ಹುಡುಕುತ್ತಿದ್ದಾನೆ, ಅವನಿಗೆ ಬೇಕಾದ ಗಾಂಧಿ ಆಫ್ರಿಕದ ಗಾಂಧಿಯೇ.

ವಾದ್ಯವೃಂದದಲ್ಲಿ ತಂತಿವಾದ್ಯ, ಮರದ ಗಾಳಿವಾದ್ಯ, ಆರ್ಗನ್ ಇವೆ. ಹಿತ್ತಾಳೆಯ ಕಹಳೆಗಳಿಲ್ಲ, ತಾಳವಾದ್ಯವೂ ಇಲ್ಲ. ತಬಲಾ ಉಸ್ತಾದರೊಬ್ಬರ ತಲೆಯಾಟದಿಂದ ದಾರಿ ಕಂಡವರು ಭಾರತದ ವಸ್ತುವಿನ ಆಪೆರಾದಲ್ಲಿ ಒಂದು ಚರ್ಮವಾದ್ಯವನ್ನೂ ಇಡಲಿಲ್ಲ. ಸಿನಿಮಾಗಳು ಭಾರತವೆಂದರೆ ತಬಲಾ, ಸಿತಾರ್ ಹಾಕಿ ತೀರಿಸುವ ರೀತಿಯನ್ನು ನೆನೆದರೆ ಈ ಸಂಯಮದ ಬೆಲೆ ತಿಳಿಯುತ್ತದೆ.

ಸಂಸ್ಕೃತದ ವಿಷಯಕ್ಕೆ ಬರೋಣ. ಅದು ಗೀತೆಯ ಮೇಲಿನ ಭಕ್ತಿಯೆಂದು ನಮ್ಮವರು ಹೇಳುತ್ತಾರೆ. ಹಾಗಿದ್ದರೆ 1984ರ ‘ಅಖ್ನಾತೆನ್’ನಲ್ಲಿ ಪ್ರಾಚೀನ ಈಜಿಪ್ಟಿನ ಭಾಷೆ, ಅಕ್ಕಾಡಿಯನ್, ಹೀಬ್ರೂ ಬಳಸಿದ್ದಕ್ಕೆ ಏನೆನ್ನೋಣ? ‘ಐನ್‌ಸ್ಟೈನ್’ನಲ್ಲಿ ಅಂಕೆಗಳು, ‘ಸತ್ಯಾಗ್ರಹ’ದಲ್ಲಿ ಸಂಸ್ಕೃತ, ‘ಅಖ್ನಾತೆನ್’ನಲ್ಲಿ ಪ್ರಾಚೀನ ಭಾಷೆಗಳು: ಮೂರಕ್ಕೂ ಉದ್ದೇಶ ಒಂದೇ. ಕೇಳುಗ ಮಾತಿನ ಬೆನ್ನು ಹತ್ತದೆ ಸಂಗೀತದ ಬೆನ್ನು ಹತ್ತಬೇಕು. ವೇದಿಕೆಯ ಮೇಲೆ ನಡೆಯುವುದು ಒಂದು, ಹಾಡುವುದು ಇನ್ನೊಂದು.

ಇಲ್ಲಿ ನಾವು, ಗೀತೆಯನ್ನು ಅಜ್ಜಿಯ ಬಾಯಲ್ಲಿ, ದೇವಸ್ಥಾನದ ಧ್ವನಿವರ್ಧಕದಲ್ಲಿ, ಡಿವಿಜಿಯವರ ಜೀವನಧರ್ಮಯೋಗದಲ್ಲಿ ಕೇಳಿ ಓದಿ ಬಂದವರು, ವಿಚಿತ್ರ ಸ್ಥಿತಿಯಲ್ಲಿದ್ದೇವೆ. ಗ್ಲಾಸ್ ಊಹಿಸಿಕೊಂಡ ಕೇಳುಗ ನಾವಲ್ಲ. ರಾಟರ್ಡ್ಯಾಮಿನವನಿಗೆ ಬರೀ ನಾದವಾದದ್ದು ನಮಗೆ ಅರ್ಥವಾಗಿಬಿಡುತ್ತದೆ. ಜೊತೆಗೆ ಅನುಷ್ಟುಪ್ ಛಂದಸ್ಸಿನ ಎಂಟೆಂಟು ಅಕ್ಷರದ ನಡಿಗೆ ನಮ್ಮ ಕಿವಿಯಲ್ಲಿ ಮೊದಲೇ ಕುಳಿತಿದೆ. ಗ್ಲಾಸ್ ಅದನ್ನು ಕಿಂಚಿತ್ತೂ ಲೆಕ್ಕಿಸದೆ ಅಕ್ಷರಗಳನ್ನು ಎಳೆಯುತ್ತಾರೆ, ಮುರಿಯುತ್ತಾರೆ, ತಿರುತಿರುಗಿ ಹಾಡಿಸುತ್ತಾರೆ. ದೀರ್ಘ ಹ್ರಸ್ವವಾಗುತ್ತದೆ, ಹ್ರಸ್ವ ದೀರ್ಘವಾಗುತ್ತದೆ. ಸಂಸ್ಕೃತ ಬಲ್ಲವರು ಕಿವಿ ಮುಚ್ಚಿಕೊಂಡರೆ ಅವರನ್ನು ದೂರಲಾರೆ. ನನಗೆ ಮಾತ್ರ ಆ ಕಿರಿಕಿರಿ ದಾಟಿದ ಮೇಲೆ ಬೇರೊಂದು ಲಾಭ ಕಾಣುತ್ತದೆ. ವ್ಯಾಖ್ಯಾನಗಳ ಭಾರದಲ್ಲಿ ನಾವು ಕೇಳುವುದನ್ನೇ ನಿಲ್ಲಿಸಿದ ಶ್ಲೋಕಗಳನ್ನು ಅಪರಿಚಿತನೊಬ್ಬ ಉಚ್ಚರಿಸುವಾಗ ಅವು ಮತ್ತೆ ಕೇಳಿಸುತ್ತವೆ.

ಕೊನೆಯ ಅಂಕದಲ್ಲಿ ಗಾಂಧಿ ಒಬ್ಬರೇ ಹಾಡುವ ಭಾಗವಿದೆ. ಎಂಟು ಸ್ವರಗಳ ಒಂದೇ ಆರೋಹಣ, ನಿಧಾನವಾಗಿ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ. ಮುಗಿದ ಕೂಡಲೇ ಮತ್ತೆ ಕೆಳಗಿನಿಂದ. ಹೀಗೆ ಹತ್ತಾರು ಸಲ. ಪಶ್ಚಿಮದವರು ಆ ಶ್ರೇಣಿಗೆ ಫ್ರಿಜಿಯನ್ ಎನ್ನುತ್ತಾರೆ. ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ನಮ್ಮ ಎಂಟನೆಯ ಮೇಳ ಹನುಮತೋಡಿ, ಹಿಂದೂಸ್ತಾನಿಯಲ್ಲಿ ಭೈರವಿ ಥಾಟ್. ಧಾರವಾಡದ ಕಡೆಯ ಕೇಳುಗರಿಗೆ ಭೈರವಿಯೆಂದರೆ ಕಛೇರಿ ಮುಗಿಯುವ ಹೊತ್ತು. ಮೂರು ಅಂಕಗಳ ಆಪೆರಾ ಸರಿಯಾಗಿ ಅದೇ ಸ್ವರಗಳಲ್ಲಿ ಮುಗಿಯುವುದನ್ನು ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಗ್ಲಾಸ್ ಭೈರವಿಯನ್ನು ಉದ್ದೇಶಿಸಿದ್ದರು ಎನ್ನಲು ನನ್ನಲ್ಲಿ ಆಧಾರವಿಲ್ಲ. ಅವರೋಹಣವಿಲ್ಲದ, ಗಮಕವಿಲ್ಲದ ಸ್ವರಪಂಕ್ತಿಯನ್ನು ರಾಗ ಎಂದು ಕರೆಯಲೂ ಆಗದು. ಆ ಭೈರವಿ ನಾವು ತಂದದ್ದು. ಅವರಿಗೆ ನಮ್ಮ ತಾಳ ಅರ್ಧ ಕೇಳಿಸಿತು ಎಂದು ದೂರುವ ನಾವು ಅವರ ಸಂಗೀತವನ್ನು ಕೇಳುವುದೂ ನಮಗೆ ಬೇಕಾದ ಅರ್ಧವನ್ನೇ. ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ, ಆದರೆ ‘ನಮ್ಮಿಂದ ಹೋದದ್ದು’ ಎಂದು ರಸೀತಿ ಬರೆಯುವ ಮೊದಲು ಇಷ್ಟು ತಿಳಿದಿರಲಿ.

ಅಲ್ಲಿಂದ ಮುಂದಿನ ವೃತ್ತಿಜೀವನವನ್ನು ಬೇಗ ಹೇಳಬಹುದು. ಗಾಡ್‌ಫ್ರಿ ರೆಜಿಯೊ ಅವರ ಮಾತಿಲ್ಲದ ಚಿತ್ರ ‘ಕೊಯಾನಿಸ್ಕಾಟ್ಸಿ’ 1982ರಲ್ಲಿ ಬಂದು ಗ್ಲಾಸ್ ಸಂಗೀತವನ್ನು ಆಪೆರಾಕ್ಕೆ ಕಾಲಿಡದ ಲಕ್ಷಾಂತರ ಜನರ ಕಿವಿಗೆ ಮುಟ್ಟಿಸಿತು. ‘ಕುಂದುನ್’, ‘ದ ಅವರ್ಸ್’, ‘ನೋಟ್ಸ್ ಆನ್ ಎ ಸ್ಕ್ಯಾಂಡಲ್’ ಚಿತ್ರಗಳಿಗೆ ಆಸ್ಕರ್ ನಾಮನಿರ್ದೇಶನ ಬಂತು. 1990ರಲ್ಲಿ ರವಿಶಂಕರ್ ಜೊತೆ ‘ಪ್ಯಾಸೇಜಸ್’ ಎಂಬ ಧ್ವನಿಮುದ್ರಿಕೆ ಮಾಡಿದರು. ಒಬ್ಬರು ಕೊಟ್ಟ ಎಳೆಯ ಮೇಲೆ ಇನ್ನೊಬ್ಬರು ಕಟ್ಟಿದ್ದು. ಸೌಜನ್ಯ ಹೆಚ್ಚು, ಸಂಗೀತ ಕಡಿಮೆ. ಇಬ್ಬರೂ ಪರಸ್ಪರ ನೋಯಿಸಬಾರದೆಂದು ಎಚ್ಚರ ವಹಿಸಿದಂತಿದೆ, ಅಲ್ಲಾ ರಖಾ ಅವರ ತಲೆಯಾಟದ ಒಂದು ಚೂರಾದರೂ ಅದಕ್ಕೆ ಬೇಕಿತ್ತು.

ಒಂದು ಡಜನ್ನಿಗೂ ಹೆಚ್ಚು ಸಿಂಫನಿ, ಇಪ್ಪತ್ತಕ್ಕೂ ಹೆಚ್ಚು ಆಪೆರಾಗಳ ಈ ರಾಶಿಯಲ್ಲಿ ಜೊಳ್ಳು ಸಾಕಷ್ಟಿದೆ ಎಂದು ಹೇಳದಿದ್ದರೆ ಅಪ್ರಾಮಾಣಿಕತೆ. ಮುರಿದು ಮುರಿದು ಏರಿಳಿಯುವ ಆ ಸ್ವರಗುಚ್ಛಗಳು ಕಾರಿನ ಜಾಹೀರಾತು, ಸಾಕ್ಷ್ಯಚಿತ್ರಗಳ ಹಿನ್ನೆಲೆಗಳಿಗೆಲ್ಲ ಸಿದ್ಧ ಮಸಾಲೆಯಾದವು; ಗ್ಲಾಸ್ ಅವರನ್ನು ಅನುಕರಿಸಿದವರಲ್ಲಿ ಗ್ಲಾಸ್ ಕೂಡ ಒಬ್ಬರು. ಅರವತ್ತರ ದಶಕದಲ್ಲಿ ಒಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ರೀತಿ, ಪ್ರಶ್ನೆ ತೀರಿದ ಮೇಲೂ ಅಭ್ಯಾಸಬಲದಿಂದ ಮುಂದುವರಿದದ್ದು ಇದಕ್ಕೆ ಕಾರಣ ಎಂದುಕೊಂಡಿದ್ದೇನೆ. ಹೊಸ ಪ್ರವಾಸ, ಹೊಸ ಗುರು, ಹೊಸ ದೇಶಗಳಿಂದ ಅದನ್ನು ಸರಿಪಡಿಸಲಾಗಲಿಲ್ಲ. ಆಸ್ಟ್ರೇಲಿಯದ ಡಿಜೆರಿಡೂ, ಆಫ್ರಿಕದ ಕೋರಾ ವಾದಕರ ಜೊತೆಯೂ ಅವರು ಕೆಲಸ ಮಾಡಿದರು. ಪ್ರೇರಣೆಗಳಿಗೆ ಬರವಿರಲಿಲ್ಲ.

ಸರಿಪಡಿಸಿದ್ದು ಬಹಳ ಸಾಮಾನ್ಯವಾದ ಒಂದು ತೊಂದರೆ. ಒಬ್ಬರೇ ಕುಳಿತು ಪಿಯಾನೊ ಕಛೇರಿ ಕೊಡಲು ಶುರುಮಾಡಿದ ಗ್ಲಾಸ್‌ಗೆ ತಮ್ಮ ಬೆರಳು ಸಾಲದೆಂದು ಅನಿಸಿತು. ಐವತ್ತು ದಾಟಿದ್ದ ಅವರು ತಮಗೆ ತಾವೇ ಅಭ್ಯಾಸಪಾಠಗಳನ್ನು ಬರೆದುಕೊಳ್ಳತೊಡಗಿದರು. 1990ರ ದಶಕದಲ್ಲಿ ಶುರುವಾಗಿ 2012ಕ್ಕೆ ಮುಗಿದ ಈ ಇಪ್ಪತ್ತು ಪಿಯಾನೊ ಎಟ್ಯೂಡ್‌ಗಳಲ್ಲಿ ಮೊದಲ ಹತ್ತು ಅಪ್ಪಟ ಬೆರಳಿನ ಕಸರತ್ತು. ಉಳಿದ ಹತ್ತರಲ್ಲಿ ತಮ್ಮ ಕೈಗೆ ಎಟುಕುತ್ತದೋ ಇಲ್ಲವೋ ಎಂಬ ಚಿಂತೆ ಬಿಟ್ಟಿದ್ದಾರೆ. ಇವುಗಳನ್ನು ಕೇಳುವಾಗ ನನಗೆ ಅವರ ಬಾಲ್ಯದ ಮನೆ ನೆನಪಾಗುತ್ತದೆ. ಗ್ಲಾಸ್ ತಂದೆ ಬೆನ್ ಬಾಲ್ಟಿಮೋರಿನಲ್ಲಿ ರೇಡಿಯೋ ರಿಪೇರಿ ಮತ್ತು ಗ್ರಾಮಫೋನ್ ತಟ್ಟೆಗಳ ಅಂಗಡಿ ಇಟ್ಟಿದ್ದರು. ಮಾರಾಟವಾಗದ ತಟ್ಟೆಗಳನ್ನು, ಏಕೆ ಮಾರಾಟವಾಗುತ್ತಿಲ್ಲ ಎಂದು ತಿಳಿಯಲು ಮನೆಗೆ ತಂದು ರಾತ್ರಿ ಕೇಳುತ್ತಿದ್ದರಂತೆ. ಕೇಳುತ್ತ ಕೇಳುತ್ತ ಬೆನ್ ಅವರಿಗೆ ಶೂಬರ್ಟ್, ಬಾರ್ಟೋಕ್, ಶೋಸ್ತಕೋವಿಚ್ ಪ್ರಿಯರಾದರು. ಕೊನೆಯ, ಇಪ್ಪತ್ತನೆಯ ಎಟ್ಯೂಡ್‌ನಲ್ಲಿ ನನಗೆ ಕೇಳಿಸುವುದು ಆ ಶೂಬರ್ಟ್. ಐಸ್‌ಲ್ಯಾಂಡಿನ ಪಿಯಾನೊ ವಾದಕ ವಿಕಿಂಗುರ್ ಓಲಾಫ್ಸನ್ 2017ರಲ್ಲಿ ತಂದ ಮುದ್ರಿಕೆ ಸುಲಭವಾಗಿ ಸಿಗುತ್ತದೆ. ಗ್ಲಾಸ್ ಬಗ್ಗೆ ಗುಮಾನಿ ಇರುವವರು ಆಪೆರಾಗಳನ್ನು ಆಮೇಲಕ್ಕೆ ಇಟ್ಟುಕೊಂಡು ಅದರಿಂದ ಶುರುಮಾಡಬಹುದು.